ಬಂಡಿ ಹತ್ತಿ ಹೋದವಳ ಹೆಸರು

ಇವತ್ತು ನನ್ನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿ ನೀಲವ್ವ ಎಂದು ಹೆಸರಿಟ್ಟೆವು. ಬೆಳಗಿನಿಂದ ಕಂಡಕಂಡವರಿಗೆಲ್ಲ ಹೇಳಿ ಗಂಟಲು ಬಿದ್ದಿದೆ, ಉಳಿದದ್ದನ್ನು ಬರೆಯುತ್ತೇನೆ. ನಿಜಾಮರ ಉರ್ದು ಶಾಲೆಯಲ್ಲಿ ಎರಡು ವರ್ಷ ಕೂತವನು ನಾನು. ಕನ್ನಡ ಕಲಿತದ್ದು ಮಠದ ಅಯ್ಯನವರ ಹತ್ತಿರ, ಅದೂ ಅರ್ಧ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಹೆಸರು ನನ್ನ ಸೋದರತ್ತೆಯದು. ಆದರೆ ಕಲಬುರಗಿ ಕಡೆಯ ಕಮಲಾಪುರದ ನಮ್ಮ ಮನೆಯಲ್ಲಿ ಯಾರೂ ಅವಳನ್ನು ಹಾಗೆ ಕರೆಯುತ್ತಿರಲಿಲ್ಲ. ಕರೆದರೆ ಅವಳು ತಿರುಗಿಯೂ ನೋಡುತ್ತಿರಲಿಲ್ಲ. ಎಲ್ಲರಿಗೂ ಅವಳು ಅತ್ತಿ. ಬಂಡಿಯಲ್ಲಿ ಹಿಂದಕ್ಕೆ ಮುಖ ಮಾಡಿಯೇ ಕೂಡುವಳು. ಮೇಲೆ ಕಮಾನು ಕಟ್ಟಿ ಮುಚ್ಚಿದ ಬಂಡಿಯಾದರೆ ಹತ್ತುತ್ತಲೇ ಇರಲಿಲ್ಲ, ಎಷ್ಟು ದೂರವಾದರೂ ನಡೆಯುವಳು. ಉಣ್ಣುವುದು ಹೊಸ್ತಿಲಲ್ಲಿ, ಗಂಗಾಳ ಕೈಯಲ್ಲಿ, ಒಂದು ಕಾಲು ಹೊರಗೆ. ಯಾಕಿರಬಹುದು ಎಂದು ನಾನು ಹುಡುಗನಾಗಿದ್ದಾಗ ತಲೆ ಕೆಡಿಸಿಕೊಂಡದ್ದಕ್ಕೆ ಲೆಕ್ಕವಿಲ್ಲ.

ಬಂಡಿಯ ಬಗ್ಗೆ ಒಮ್ಮೆ ಕೇಳಿಯೇಬಿಟ್ಟೆ. "ಬಂದ ದಾರಿ ನೋಡಿಕೋತ ಹೊಂಟ್ರ ತಿರುಗಿ ಬರಾಕ ಬರ್ತದಪಾ," ಎಂದಳು. ಆಮೇಲೆ ನನಗೂ ದಾರಿಯ ಗುರುತುಗಳನ್ನು ಬಾವಿ, ಬೇವಿನ ಗಿಡ, ಹಳ್ಳ ಎಂದು ಬಾಯಿಪಾಠ ಮಾಡಿಸಿದಳು. ತಪ್ಪಿದರೆ, "ಎತ್ತಿಗೆ ಗೊತ್ತದ, ನಿನಗ ಗೊತ್ತಿಲ್ಲ," ಎಂದು ನಗುವಳು.

ನನ್ನ ತಂಗಿಯ ತೊಟ್ಟಿಲ ದಿನ. ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು. ಅತ್ತಿ ಮಿಂದು, ಪೆಟ್ಟಿಗೆಯ ಇಳಕಲ್ ಸೀರೆ ಉಟ್ಟು ಬಂದಳು. ಅವಳ ಬಾಯಿ ಕೂಸಿನ ಕಿವಿಗೆ ತಾಗಬಾರದೆಂದು ಓಣಿಯ ಹೆಂಗಸರು ತಡೆದರು. ಅವಳು ಹೊಸ್ತಿಲಿಗೆ ಹೋಗಿ ಕೂತಳು. ನಾನು ಹಿಂದೆಯೇ ಹೋಗಿ, ಹೆಸರು ಹಿಡಿದು ಕರೆದರೆ ಯಾಕೆ ಓ ಅನ್ನುವುದಿಲ್ಲ ಎಂದು ಕೇಳಿದೆ.

"ಅದು ಬಂಡಿ ಹತ್ತಿ ಹೋದಾಕಿ ಹೆಸರು. ಆಕಿ ಇನ್ನಾ ಬಂದಿಲ್ಲ."

ಮೀಸೆ ಬಂದ ಮೇಲೆ ಅಪ್ಪನಿಂದ ತಿಳಿಯಿತು. ಗಂಡ ಬಿಟ್ಟ ಮೇಲೆ ತವರಿನಲ್ಲಿದ್ದ ಅವಳಿಗೆ, ಗುರುತಿನ ಹೆಂಗಸೊಬ್ಬಳು ಕಲಬುರಗಿಯ ದೊಡ್ಡ ಮನೆಯಲ್ಲಿ ಅಡುಗೆ ಕೆಲಸವಿದೆ ಎಂದಳಂತೆ. ಕಮಾನಿನ ಬಂಡಿಗೆ ದಾರಿ ಕಾಣದಂತೆ ಪರದೆ ಬಿಟ್ಟು ಕರೆದೊಯ್ದು, ಹೆಂಗಸರ ಮೈ ಮಾರಿಸುವ ಮನೆಗೆ ಅವಳನ್ನು ಮಾರಿದಳು. ಅಲ್ಲಿ ಹೆಸರನ್ನೂ ಬದಲಿಸಿದರು. ನಾಲ್ಕು ವರ್ಷದ ಮೇಲೆ ಅಲ್ಲಿನ ರೋಜಾ ದರ್ಗಾದ ಉರುಸಿನ ಗದ್ದಲದಲ್ಲಿ ತಪ್ಪಿಸಿಕೊಂಡು, ನಮ್ಮೂರ ಬಳೆಗಾರ ಮುದುಕನ ಬಂಡಿಯ ಹಿಂದೆ ನಡೆದು ಬಂದಳು. ಅಪ್ಪ ಒಳಗೆ ಕರೆದ. ಊರು ಕರೆಯಲಿಲ್ಲ.

ನನಗೆ ಮಗಳು ಹುಟ್ಟಿದಾಗ ಅತ್ತಿ ಜ್ವರದಲ್ಲಿ ಮಲಗಿದ್ದಳು. ನಿನ್ನ ಹೆಸರೇ ಇಡುತ್ತೇನೆ ಎಂದೆ.

"ಈಗ ಬ್ಯಾಡ. ಕೂಸಿನ ಮುಂದ ಮಂದಿ ಆಡಿಕೋತಾರ. ಮುಂದ ಯಾವಾಗರೆ ಇಡ್ರಿ," ಎಂದಳು. ಆಮೇಲೆ, "ಅವತ್ತು ಆಕಿ ನಡುಮನ್ಯಾಗ ಕುಂತು ಉಣ್ಣಲಿ," ಎಂದಳು. ನಾವು ಆಡಿದ ಕೊನೆಯ ಮಾತು ಅದೇ.

ಇವತ್ತು ಆ ನನ್ನ ಮಗಳೇ ಸೋದರತ್ತೆಯಾಗಿ ಅಣ್ಣನ ಕೂಸಿನ ಕಿವಿಯಲ್ಲಿ ಹೆಸರು ಹೇಳಿದಳು. ಯಾರ ಹೆಸರು ಎಂದು ಓಣಿಯ ಮುದುಕಿಯೊಬ್ಬಳು ಕೇಳಿದಳು. ನಮ್ಮ ಅತ್ತಿಯದು ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಮುದುಕಿ ನನ್ನ ಮುಖ ನೋಡಿದಳು. ಆಮೇಲೆ ತೊಟ್ಟಿಲ ಹಗ್ಗಕ್ಕೆ ಕೈ ಹಾಕಿ ತೂಗಿದಳು.

ಸಂಜೆ ಎಲ್ಲರೂ ಹೋಳಿಗೆ ಊಟಕ್ಕೆ ಕೂತೆವು. ಸೊಸೆ ಅತ್ತಿಯ ಗಂಗಾಳ ತೊಳೆದು ತಂದು, ಹೊಸ್ತಿಲಲ್ಲಿ ಇಡಲೇ ಎಂದು ಕೇಳಿದಳು. "ಇಲ್ಲೇ ಇಡವ್ವಾ," ಎಂದು ನನ್ನ ಮಗ್ಗುಲು ತೋರಿಸಿದೆ. ಅವಳು ನಡುಮನೆಯಲ್ಲಿ ಅದನ್ನಿಟ್ಟು, ಎರಡು ಹೋಳಿಗೆ ಹಾಕಿ ತುಪ್ಪ ಬಿಟ್ಟಳು. ನಾವೆಲ್ಲ ಉಣ್ಣತೊಡಗಿದೆವು.