ಮೂರು ಚಮಚ ಎಳನೀರು

ಫೋನಿನಲ್ಲಿ ತರಬೇತಿಯವರು ಹೇಳಿದ್ದು ‘ಹಾರ್ಡ್ ಲ್ಯಾಂಡಿಂಗ್’ ಅಂತ. ಲ್ಯಾಂಡಿಂಗ್ ಅಂದ ಮೇಲೆ ವಿಮಾನ ನೆಲಕ್ಕೆ ಇಳಿದಿದೆ, ಇನ್ನು ಭಯವಿಲ್ಲ ಎಂದುಕೊಂಡು ತೋಟದ ಕೆಲಸ ಮುಗಿಸಿಯೇ ಮನೆಗೆ ಬಂದೆ.

ನನ್ನ ತಂಗಿ ಪಲ್ಲವಿ ದೂರದ ಊರಲ್ಲಿ ಪೈಲಟ್ ತರಬೇತಿಯಲ್ಲಿದ್ದಳು. ಒಬ್ಬಳೇ ಹಾರಿಸುತ್ತಿದ್ದ ಸಣ್ಣ ವಿಮಾನ ಇಳಿಯುವಾಗ ರನ್‌ವೇಗೆ ಬಡಿದು ಪುಟಿದು, ಪಕ್ಕದ ಹುಲ್ಲಿಗೆ ನುಗ್ಗಿ ಮಗುಚಿತು. ತಲೆಗೆ ಪೆಟ್ಟು. ತಪ್ಪು ಅವಳದೇ ಎಂಬ ತರಬೇತಿಯವರ ಪತ್ರ, ಅವಳಿಗೆ ಪ್ರಜ್ಞೆ ಬರುವ ಮೊದಲೇ ಬಂತು.

ಎರಡು ತಿಂಗಳ ಮೇಲೆ ನಮ್ಮೂರು ಸಖರಾಯಪಟ್ಟಣಕ್ಕೆ ಕರೆತಂದೆವು. ಮಾತು ತೊದಲುತ್ತಿತ್ತು. ಎಡಗೈ ಏಳುತ್ತಿರಲಿಲ್ಲ. ನುಂಗಲು ಬರುತ್ತಿರಲಿಲ್ಲ. ಊಟವೆಲ್ಲ ಮೂಗಿನ ಟ್ಯೂಬಿನಲ್ಲೇ; ಬಾಯಿಗೆ ಏನೂ ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ ಎಂದು ಡಿಸ್ಚಾರ್ಜ್ ಮಾಡುವಾಗ ಡಾಕ್ಟರ್ ಎರಡು ಸಲ ಹೇಳಿದ್ದರು. ನುಂಗಲು ಬರುತ್ತದೆಯೇ ಎಂದು ಮುಂದಿನ ತಿಂಗಳು ಟೆಸ್ಟ್ ಮಾಡಿ ನೋಡೋಣ ಎಂದಿದ್ದರು. ಆ ಒಂದು ತಿಂಗಳು ಅವಳನ್ನು ಕಾಯುವುದಷ್ಟೇ ನನ್ನ ಕೆಲಸ.

ನೋಡಲು ಬಂದವರೆಲ್ಲ ಮೊದಲು ಕೇಳುತ್ತಿದ್ದುದು, ಏನು ತಿಂದಳು ಅಂತ. ಬುಕ್ಕಾಂಬುಧಿಯ ಅತ್ತೆ ಮಂಚದ ಪಕ್ಕದಲ್ಲೇ ಕೂತು, “ಮೂಗಲ್ಲಿ ಹುಯ್ಯೋದೂ ಒಂದು ಊಟವೇನೋ? ದನಕ್ಕಾದ್ರೂ ಬಾಯಿಗೇ ಹುಲ್ಲು ಕೊಡ್ತೀವಲ್ಲೋ” ಅಂದರು. ಅವ್ವ ಎದ್ದು ಅಡುಗೆಮನೆಗೆ ಹೋದಳು.

“ಹುಲ್ಲಾದ್ರೂ... ಆಯ್ತದೆ ಅತ್ತೆ” ಅಂದಳು ಪಲ್ಲವಿ. ಊರಿಗೆ ಬಂದಮೇಲೆ ಅವಳು ನಕ್ಕಿದ್ದು ಅದೇ ಮೊದಲು.

ಮರುದಿನ ನನ್ನನ್ನು ಕೇಳಿದಳು. “ಅಣ್ಣಾ, ಬಾಯಿ ಒಣಗ್ತಾ ಐತೆ. ಒಂದೇ ಚಮಚ.”

ನೀರು ಕೊಡಲು ಹೆದರಿದೆ. ಎಳನೀರು ಕೊಟ್ಟೆ. ಜ್ವರ ಬಂದವರಿಗೆ, ವಾಂತಿಯಾದವರಿಗೆ, ಅನ್ನ ಬಿಟ್ಟ ಮುದುಕರಿಗೆ ನಮ್ಮ ಮನೆಯಲ್ಲಿ ಕೊಡುವುದೇ ಅದನ್ನು; ಅದರಿಂದ ಯಾರಿಗಾದರೂ ಕೆಡುಕಾಗಬಹುದು ಎಂದು ತೆಂಗಿನ ತೋಟದಲ್ಲೇ ಬೆಳೆದ ನನಗೆ ಹೊಳೆಯಲೇ ಇಲ್ಲ. ಮೂರು ಚಮಚ ಕುಡಿದಳು. ಕೆಮ್ಮಲಿಲ್ಲ. ಡಾಕ್ಟರಿಗಿಂತ ಅತ್ತೆಗೇ ಹೆಚ್ಚು ಗೊತ್ತು ಅಂದುಕೊಂಡೆ.

ಮೂರನೇ ದಿನ ಜ್ವರ. ಉಸಿರಾಡಿದರೆ ಗೊರಗೊರ ಸದ್ದು.

ಕಡೂರಿನಲ್ಲಿ ಎಕ್ಸ್‌ರೇ ನೋಡಿದ ಡಾಕ್ಟರ್, ಬಾಯಿಂದ ಏನಾದರೂ ಕೊಟ್ಟಿರಾ ಎಂದು ಕೇಳಿದರು.

ಇಲ್ಲ ಅಂದೆ.

ಮರುದಿನ ಬೆಳಿಗ್ಗೆ ನಿಜ ಹೇಳಿದೆ. ಬೈಯಲಿಲ್ಲ. ಇಂಥವರಿಗೆ ಕೆಮ್ಮೂ ಬರುವುದಿಲ್ಲ, ಸದ್ದಿಲ್ಲದೆ ಒಳಗೆ ಇಳಿಯುತ್ತದೆ ಎಂದರು. ಎಂಜಲು ಇಳಿದರೂ ಹೀಗಾಗಬಹುದು ಅಂತಲೂ ಸೇರಿಸಿದರು. ಅದು ನಿಜವೋ, ನನ್ನ ಮೇಲಿನ ಕರುಣೆಯೋ ತಿಳಿಯದು. ಅವತ್ತೇ ಶಿವಮೊಗ್ಗಕ್ಕೆ ಸಾಗಿಸಿದೆವು. ಐದು ದಿನ ವೆಂಟಿಲೇಟರ್.

ಆಮೇಲೆ ಅದೂ ಬೇಕಾಗಲಿಲ್ಲ.

ತಿಥಿಗೆ ಬಂದ ಅತ್ತೆ, ಪೈಪ್ ಹಾಕಿಯೇ ಹುಡುಗಿಯನ್ನು ಕೊಂದರು ಎಂದು ಎಲ್ಲರೆದುರು ಅಂದರು. ನಾನು ಎಲೆ ಹಾಕುತ್ತಿದ್ದೆ. ಹಾಕುತ್ತಲೇ ಹೋದೆ.

ಎಲ್ಲರೂ ಹೊರಟ ಮೇಲೆ ಅವ್ವನಿಗೆ ಹೇಳಿದೆ. ಉಳಿದ ಎಲೆಗಳನ್ನು ಮಡಿಸಿಡುತ್ತಾ ಅಂದಳು: “ಕೇಳಿದ್ಲು, ನೀನು ಕೊಟ್ಟೆ. ನನ್ನ ಕೇಳಿದ್ದಿದ್ರೆ ಮೊದಲ ದಿನಾನೇ ಕೊಟ್ಬಿಡ್ತಿದ್ದೆ ಕಣೋ.”

ಆ ಮಾತು ಕೇಳಿದ ಮೇಲೆ ಊಟ ಸೇರುತ್ತಿದೆ. ಅವ್ವನಿಗೆ ನಾನು ಋಣಿ. ಆದರೆ ಪಲ್ಲವಿ ಅವ್ವನನ್ನು ಕೇಳಿರಲಿಲ್ಲ. ನನ್ನನ್ನು ಕೇಳಿದ್ದಳು.