ಕಡಲಿಗೆ ಬೆನ್ನು ಹಾಕಿ

ಎಂಬತ್ತರ ದಶಕದ ಒಂದು ಹಬ್ಬದ ರಜೆ. ಸೌದಿಯ ಪೂರ್ವ ಕರಾವಳಿಯ ದಮ್ಮಾಮಿನಲ್ಲಿ ಕೆಲಸಕ್ಕಿದ್ದ ನಾವು ಮೂವರು ಊರಿನವರು ಪಕ್ಕದ ಖತೀಫಿನ ಮುದಿ ಮೀನುಗಾರನೊಬ್ಬನ ದೋಣಿ ಹತ್ತಿ ಪುಟ್ಟ ಮರಳ ದ್ವೀಪವೊಂದಕ್ಕೆ ಹೋದೆವು. ಮನಸಾರೆ ಈಜಿ, ಮೀನು ಸುಟ್ಟು ತಿಂದ ಮೇಲೆ ನಾನು ಮಧ್ಯಾಹ್ನದ ನಮಾಜಿಗೆ ನಿಂತೆ. ಮಂಗಳೂರಿನ ಅಭ್ಯಾಸ, ನೇರ ತೆರೆದ ಕಡಲಿಗೆ ಮುಖ ಮಾಡಿದೆ. ಊರಿನಲ್ಲಿ ಮಕ್ಕಾ ಇರುವುದು ಕಡಲಿನ ಆಚೆಗಲ್ಲವೇ?

ಮುದುಕ ನಗುತ್ತಾ ಬಂದು, ಭುಜ ಹಿಡಿದು ನನ್ನನ್ನು ನಾವು ಬಿಟ್ಟು ಬಂದ ದಡಕ್ಕೆ, ಖತೀಫಿನ ಕಡೆಗೆ ತಿರುಗಿಸಿದ. ಇಲ್ಲಿ ಮಕ್ಕಾ ಇದ್ದದ್ದು ಪಶ್ಚಿಮಕ್ಕೆ, ನೆಲದ ಕಡೆಗೆ.

"ಎಂತ ಮಾರಾಯ, ಇಲ್ಲೇ ಇದ್ದುಕೊಂಡು ಮಕ್ಕಾ ಎಲ್ಲಿ ಅಂತ ಗೊತ್ತಿಲ್ಲವಾ?" ಎಂದು ಗೆಳೆಯರು ನಕ್ಕರು. ನನಗೆ ಸಿಟ್ಟು ಬಂತು. ಎರಡು ವರ್ಷ ಕೋಣೆಯ ಗೋಡೆ ನೋಡಿ ನಮಾಜ್ ಮಾಡಿದವನಿಗೆ ದಿಕ್ಕು ಹೇಗೆ ತಿಳಿಯಬೇಕು?

ನಮಾಜ್ ಮುಗಿಸಿ ಮತ್ತೆ ಕಡಲಿಗೇ ತಿರುಗಿ ಕುಳಿತೆ. ಅದರ ಆಚೆ ಈಗ ಊರು, ಊರಿನಲ್ಲಿ ನನ್ನ ಹೆತ್ತ ಉಮ್ಮ ಇದ್ದಳು.