ವಹಿವಾಟು ಅಂದರೇನು, ಮೈ ಲಾರ್ಡ್?

ಹೋದ ವಾರ ನಮ್ಮ ಚಿಗವ್ವ ಹೈಕೋರ್ಟಿನಲ್ಲಿ ಸೋತಳು. ಒಂದೇ ಒಂದು ಶಬ್ದಕ್ಕೆ. ಬೇಡಕಿಹಾಳದಲ್ಲಿ ಆ ಶಬ್ದವನ್ನು ಆಕೆ ದಿನಾ ಆಡುತ್ತಾಳೆ, ಆಡಿದ್ದು ತಪ್ಪೂ ಅಲ್ಲ.

ಚಿಗವ್ವ ಎಂದರೆ ನನ್ನ ಅವ್ವನ ತಂಗಿ. ಆಕೆಯ ಕಬ್ಬಿನ ಹೊಲಕ್ಕೆ ಇರುವುದು ಒಂದೇ ಬಂಡಿದಾರಿ, ಅದೂ ಪಕ್ಕದವನ ಹೊಲದೊಳಗಿಂದ. ಒಂದು ದಿನ ಪಕ್ಕದವ ಮುಳ್ಳು ಹಚ್ಚಿ ದಾರಿ ಮುಚ್ಚಿಬಿಟ್ಟ. ದಾರಿ ಇಲ್ಲದಿದ್ದರೆ ಟ್ರ್ಯಾಕ್ಟರ್ ಬರುವುದಿಲ್ಲ. ಟ್ರ್ಯಾಕ್ಟರ್ ಬರದಿದ್ದರೆ ಕಬ್ಬು ಫ್ಯಾಕ್ಟರಿ ಮುಟ್ಟುವುದಿಲ್ಲ. ಚಿಗವ್ವ ಕೋರ್ಟಿಗೆ ಹೋದಳು.

ಕಟಕಟೆಯಲ್ಲಿ ನಿಂತು ಹೇಳಿದ್ದು ಇಷ್ಟೇ: “ನಮ್ಮ ಮಾವನವರ ಕಾಲದಿಂದ್ಲೂ ಆ ದಾರಿ ನಮ್ಮ ವಹಿವಾಟಿನ್ಯಾಗ ಐತ್ರಿ.”

ಮರಾಠಿ ಬೆರೆತ ನಮ್ಮ ಗಡಿಯ ಮಾತಿನಲ್ಲಿ ವಹಿವಾಟು ಎಂದರೆ ಬಳಕೆ, ರೂಢಿ. ಯಾರನ್ನೂ ಕೇಳದೆ ನಡೆದುಕೊಂಡು ಬಂದದ್ದು. ಹಾಗೆ ಬಹುಕಾಲ ಬಳಸಿದ ದಾರಿಗೆ ಕಾನೂನಿನಲ್ಲಿ ಹಕ್ಕು ಹುಟ್ಟುತ್ತದೆ, ಒಪ್ಪಿಗೆ ಪಡೆದು ಬಳಸಿದರೆ ಇಲ್ಲ. ಮುನ್ಸೀಫರಿಗೆ ಇದು ತಿಳಿಯಿತು, ದಾರಿ ಚಿಗವ್ವನಿಗೆ ಸಿಕ್ಕಿತು. ಪಕ್ಕದವ ಜಿಲ್ಲಾ ಕೋರ್ಟಿಗೆ ಅಪೀಲು ಹೋದ. ಅಲ್ಲಿಯ ಜಡ್ಜ್ ಸಾಹೇಬರು ಹಳೇ ಮೈಸೂರು ಕಡೆಯವರು. ಅವರ ಕಡೆ ವಹಿವಾಟು ಎಂದರೆ ವ್ಯಾಪಾರ, ವ್ಯವಹಾರ. ಹಾಗಾದರೆ ಹಿಂದೆ ಏನೋ ಕೊಡುಕೊಳ್ಳುವ ಮಾತಾಗಿದೆ, ಈಕೆ ಪಕ್ಕದವನ ಒಪ್ಪಿಗೆಯ ಮೇಲೆ ಓಡಾಡಿದ್ದಾಳೆ, ಹಕ್ಕೇನೂ ಇಲ್ಲ ಎಂದು ತೀರ್ಪು ಬರೆದರು.

ನನಗೆ ಬಂದ ಅನುಮಾನ ನಿಮಗೂ ಬಂದಿರಬೇಕು. ಪಕ್ಕದವ ಯಾರ ಕೈ ಬೆಚ್ಚಗೆ ಮಾಡಿದ? (ಸಾಹೇಬರ ಮನೆಗೆ ಬೆಲ್ಲದ ಪೆಂಟಿ ಏನಾದರೂ ಹೋಗಿದೆಯೇ ಎಂದು ಗುಟ್ಟಾಗಿ ವಿಚಾರಿಸಿದೆ. ಇಲ್ಲ. ಮನುಷ್ಯ ಶುದ್ಧ ಪ್ರಾಮಾಣಿಕ.) ಇದು ಗೊತ್ತಾದ ಮೇಲೆ ಸಿಟ್ಟು ಇನ್ನೂ ಹೆಚ್ಚಾಯಿತು. ಲಂಚ ತಿಂದಿದ್ದರೆ ಬೈಯಲಿಕ್ಕಾದರೂ ಬರುತ್ತಿತ್ತು.

ಮುಂದಿನ ಅನುಮಾನ ನಮ್ಮ ವಕೀಲರ ಮೇಲೆ. ನಾವು ಹೈಕೋರ್ಟಿಗೆ ಒಯ್ದ ಕೇಸು ವಿಚಾರಣೆಗೇ ಬರದೆ ಅಡ್ಮಿಷನ್ ಹಂತದಲ್ಲೇ ಬಿತ್ತು ಎಂದು ಬೆಂಗಳೂರಿನಿಂದ ಟ್ರಂಕ್ ಕಾಲ್ ಬಂತು. ಈ ಮನುಷ್ಯ ಅಲ್ಲಿ ಬಾಯಿ ಬಿಟ್ಟರೋ ಇಲ್ಲವೋ? ಊರಿಗೆ ಬಂದಾಗ ನೇರವಾಗಿಯೇ ಕೇಳಿದೆ. ಅವರು ಸಿಟ್ಟಾಗಲಿಲ್ಲ. ಸೆಕೆಂಡ್ ಅಪೀಲಿನಲ್ಲಿ ಹೈಕೋರ್ಟು ಸಾಕ್ಷಿ ಪುರಾವೆಗಳನ್ನು ಹೊಸದಾಗಿ ತೂಗುವುದಿಲ್ಲ, ಕಾನೂನಿನ ಮಹತ್ವದ ಪ್ರಶ್ನೆ ಇದ್ದರೆ ಮಾತ್ರ ಕೈ ಹಾಕುತ್ತದೆ ಎಂದು ಸಮಾಧಾನದಿಂದ ತಿಳಿಸಿದರು.

“ಸಾಕ್ಷಿ ಏನಂದ್ಲು ಅನ್ನೂದು ಫ್ಯಾಕ್ಟ್ ರೀ. ಫ್ಯಾಕ್ಟಿಗೆ ಕೆಳಗಿನ ಅಪೀಲು ಕೋರ್ಟೇ ಕಡೀದು.”

ತಪ್ಪು ತಿಳಿದಿದ್ದರೂ? ತಪ್ಪು ತಿಳಿದಿದ್ದರೂ ಅಂತೆ.

ನಿಯಮಕ್ಕೆ ಕಾರಣ ಇಲ್ಲದಿಲ್ಲ. ಪ್ರತಿ ಜಗಳವೂ ಬೆಂಗಳೂರಿಗೆ ಹೋಗಿ ಮತ್ತೆ ಮೊದಲಿನಿಂದ ಶುರುವಾದರೆ ಮೊಮ್ಮಕ್ಕಳ ಕಾಲಕ್ಕೂ ತೀರ್ಪು ಬರಲಿಕ್ಕಿಲ್ಲ. ಅಲ್ಲಿಗೆ ಒಪ್ಪಿದೆ. ಆದರೂ ನನ್ನ ಗುಮಾನಿ ಹೋಗಿಲ್ಲ. ಒಬ್ಬರಾಡಿದ ಮಾತನ್ನು ಇನ್ನೊಬ್ಬರು ತಪ್ಪು ತಿಳಿದರೆ, ಆ ತಪ್ಪೇ ಫ್ಯಾಕ್ಟ್ ಆಗಿ ಕುಳಿತುಬಿಡುವುದೇ? ಯಾರ ಅನುಕೂಲಕ್ಕೆ ಇದು, ನ್ಯಾಯ ಕೇಳುವವರದೋ, ಕೊಡುವವರದೋ?

ಸುದ್ದಿ ಹೇಳಲು ಬೇಡಕಿಹಾಳಕ್ಕೆ ನಾನೇ ಹೋದೆ. ಕಡಿಯುವ ಕಾಲ ಮೀರಿ ಕಬ್ಬು ಹೂ ಬಿಟ್ಟು ನಿಂತಿತ್ತು. ಬದುವಿನ ಮೇಲಿಂದ ತಲೆಹೊರೆ ಸಾಗಿಸಲೂ ಪಕ್ಕದವ ಬಿಡುತ್ತಿಲ್ಲ. ವಕೀಲರು ಹೇಳಿದ್ದನ್ನೆಲ್ಲ ಬಿಡಿಸಿ ಹೇಳಿದೆ. ಚಿಗವ್ವ ಅಳಲಿಲ್ಲ. ನಾನೇ ಏನೋ ಮುಚ್ಚಿಡುತ್ತಿದ್ದೇನೆ ಎಂಬಂತೆ ನನ್ನನ್ನೇ ನೋಡಿದಳು.

“ಆಡಿದಾಕಿ ನಾ ಇಲ್ಲೇ ಜೀವಂತ ಕುಂತೇನಿ. ನೀ ಏನಂದಿ ಅಂತ ನನ್ನ ಒಬ್ಬರಾದ್ರೂ ಯಾಕ ಕೇಳಲಿಲ್ಲ?”

ಇದರಲ್ಲಿ ಕಾನೂನಿನ ಪ್ರಶ್ನೆ ಏನೂ ಇಲ್ಲವಂತೆ.